ಭದ್ರೆಯ ದಡದ ಕಳಸ

ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳ ನಡುವೆ, ಭದ್ರಾ ನದಿಯ ತೀರದಲ್ಲಿ ಕಳಸವೆಂಬ ಪುರಾತನವಾದ ಊರಿದೆ. ಮೆಟ್ಟಿಲುಗಳನ್ನೇರಿದರೆ ಕಳಸೇಶ್ವರನ ಗುಡಿ ಎದುರಾಗುತ್ತದೆ. ಒಂದು ಕಾಲದಲ್ಲಿ ಈ ಊರು ಭೈರರಸರ ರಾಜಧಾನಿಯಾಗಿತ್ತು. 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದವರೂ ಈ ಮನೆತನದವರೇ. ಜೈನರಾಗಿದ್ದರೂ ಆ ಅರಸರು ಈ ಶಿವಾಲಯಕ್ಕೆ ದತ್ತಿ ಬಿಟ್ಟುದನ್ನು ಶಾಸನಗಳು ಸಾರುತ್ತವೆ.

ಕಳಸವನ್ನು ತಲುಪುವ ಮುನ್ನ ಭದ್ರೆಯು ಕುದುರೆಮುಖದ ಮಡಿಲಲ್ಲಿ ಹರಿದು ಬರುತ್ತಾಳೆ. ಅಲ್ಲಿ ಕಬ್ಬಿಣದ ಅದಿರನ್ನು ಅಗೆಯುತ್ತಿದ್ದಾಗ, ಮಳೆಗಾಲದಲ್ಲಿ ಗಣಿಯ ಮಣ್ಣು ನದಿಗೆ ಇಳಿಯುತ್ತಿತ್ತು. ಗಣಿಯು ಅನೇಕ ಕುಟುಂಬಗಳಿಗೆ ಅನ್ನವನ್ನೂ ನೀಡಿತ್ತು. ಆದರೂ ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಕೊನೆಯಲ್ಲಿ ಗಣಿಗಾರಿಕೆ ನಿಂತಿತು. ದತ್ತಿ ಬಿಡುವುದು ಅರಸರ ಧರ್ಮವಾಗಿತ್ತು. ಹೊಳೆಯನ್ನು ತಿಳಿಯಾಗಿ ಮುಂದಿನವರಿಗೆ ಒಪ್ಪಿಸುವುದು ನಮ್ಮ ಧರ್ಮವಾಗಿದೆ.