ನಮ್ಮ ಊರು ಯಾವ ಭೂಕಂಪ ವಲಯದಲ್ಲಿದೆ?

ಭಾರತದ ಭೂಕಂಪ ವಲಯಗಳ ನಕ್ಷೆಯನ್ನು ತರಗತಿಯಲ್ಲಿ ತೂಗುಹಾಕಿದಾಗಲೆಲ್ಲ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯಿಂದ ಬರುವ ಮಕ್ಕಳು ನನ್ನನ್ನು ಕೇಳುವ ಮೊದಲ ಪ್ರಶ್ನೆ ಒಂದೇ: “ಸರ್, ನಮ್ಮ ಊರು ಯಾವ ಬಣ್ಣದಲ್ಲಿದೆ?”

2016ರ ಭಾರತೀಯ ಮಾನಕ ಐಎಸ್ 1893ರ ನಕ್ಷೆಯಲ್ಲಿ 2ರಿಂದ 5ರವರೆಗೆ ನಾಲ್ಕು ವಲಯಗಳಿವೆ. ಹಿಮಾಲಯದ ಹಲವು ಭಾಗಗಳು, ಈಶಾನ್ಯ ರಾಜ್ಯಗಳು ಮತ್ತು ಕಛ್ ಅತಿ ಅಪಾಯದ 5ನೇ ವಲಯದಲ್ಲಿವೆ. ಬೆಂಗಳೂರು 2ನೇ ವಲಯ. ಮಂಗಳೂರು ಸೇರಿದಂತೆ ನಮ್ಮ ಕರಾವಳಿ 3ನೇ ವಲಯ. 2ನೇ ವಲಯದ ಗುಣಾಂಕ 0.10, 3ನೆಯದರದ್ದು 0.16. ಅಂದರೆ ಒಂದೇ ಬಗೆಯ ನೆಲದಲ್ಲಿ ಒಂದೇ ಮಾದರಿಯ ಕಟ್ಟಡ ಕಟ್ಟಿದರೂ, ಮಂಗಳೂರಿನಲ್ಲಿ ಅದು ಬೆಂಗಳೂರಿನ 1.6 ಪಟ್ಟು ಅಡ್ಡಬಲವನ್ನು ತಾಳುವಂತಿರಬೇಕು.

ಹಿಮಾಲಯದಲ್ಲಿ ಭಾರತದ ಫಲಕ ಏಷ್ಯಾವನ್ನು ಒತ್ತುತ್ತಿದೆ. ನಾವು ಆ ಅಂಚಿನಿಂದ ದೂರ ಇದ್ದೇವೆ. ಆದರೆ ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟದ್ದು ನಮ್ಮ ಪಶ್ಚಿಮ ಕರಾವಳಿಯಲ್ಲೇ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳು ಆ ಕಾಲದ ಲಾವಾ. ಒತ್ತಡ ಇಷ್ಟು ದೂರವೂ ತಲುಪುತ್ತದೆ. ಹಳೆಯ ಬಿರುಕುಗಳು ಆಗಾಗ ಮಿಸುಕುತ್ತವೆ. 2022ರ ಜೂನ್ 28ರಂದು ಸುಳ್ಯ–ಕೊಡಗು ಗಡಿಯಲ್ಲಿ 3.0 ತೀವ್ರತೆಯ ಕಂಪನವಾದದ್ದು ನಿಮಗೆ ನೆನಪಿರಬಹುದು.

ಹಾಗಾದರೆ 2ನೇ ವಲಯದವರು ನಿಶ್ಚಿಂತರೇ? ಇಲ್ಲ. ಮಹಾರಾಷ್ಟ್ರದ ಕಿಲ್ಲಾರಿ ಆಗಿನ ನಕ್ಷೆಯಲ್ಲಿ ಅತಿ ಸುರಕ್ಷಿತವೆನಿಸಿದ್ದ 1ನೇ ವಲಯದಲ್ಲಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ 6.2 ತೀವ್ರತೆಯ ಭೂಕಂಪ ಸಂಭವಿಸಿತು. ಸುಳ್ಯದ ಕಂಪನಕ್ಕಿಂತ ಅದರ ಶಕ್ತಿ ಸುಮಾರು 60 ಸಾವಿರ ಪಟ್ಟು ಹೆಚ್ಚು. ಸತ್ತವರು ಹತ್ತಿರ ಹತ್ತು ಸಾವಿರ. ಹೆಚ್ಚಿನವರು ಮಲಗಿದ್ದಲ್ಲೇ ಸ್ವಂತ ಮನೆಯ ಕಲ್ಲುಗೋಡೆಗಳಡಿ ಸಿಕ್ಕವರು. 2002ರ ಪರಿಷ್ಕರಣೆಯಲ್ಲಿ 1ನೇ ವಲಯವನ್ನೇ ಕೈಬಿಡಲಾಯಿತು. ವಲಯದ ಗೆರೆ ನಾವು ಎಳೆದದ್ದು, ಈವರೆಗೆ ತಿಳಿದಿರುವುದನ್ನು ನೋಡಿ ಎಳೆದದ್ದು. ಬಂಡೆಗೆ ಆ ಗೆರೆ ಗೊತ್ತಿಲ್ಲ.

ನಮ್ಮ ಮನೆಗಳು ಹೆಚ್ಚಾಗಿ ಕೆಂಪುಕಲ್ಲಿನವು. ನನ್ನ ಹಳೆಯ ಮನೆಯಲ್ಲಿ ಬಾಗಿಲು, ಕಿಟಕಿಗಳ ಮೇಲೆ ಮಾತ್ರ ತುಂಡು ಲಿಂಟಲ್‌ಗಳಿದ್ದವು. ಹೊಸದಾಗಿ ಎರಡು ಕೋಣೆ ಕಟ್ಟಿಸುವಾಗ ಮೇಸ್ತ್ರಿಗೆ ಹೇಳಿ, ಎಲ್ಲ ಗೋಡೆಗಳನ್ನೂ ಬಳಸಿ ಹೋಗುವ ಕಬ್ಬಿಣ ಸೇರಿದ ಕಾಂಕ್ರೀಟ್ ಪಟ್ಟಿ ಹಾಕಿಸಿದೆ. ನೆಲ ಅಲುಗಿದಾಗ ಗೋಡೆಗಳು ಒಂದೊಂದು ಕಡೆ ಬೀಳದಂತೆ ಪೆಟ್ಟಿಗೆಯ ಹಾಗೆ ಹಿಡಿದಿಡುವುದು ಆ ಪಟ್ಟಿಯೇ.

ಮುಂದಿನ ತರಗತಿಗೆ ನಿಮಗೊಂದು ಕೆಲಸ: ನಿಮ್ಮ ಮನೆಯಲ್ಲಿ ಆ ಪಟ್ಟಿ ಇದೆಯೇ ಎಂದು ಹಿರಿಯರನ್ನು ಕೇಳಿಕೊಂಡು ಬನ್ನಿ.