ಲೋಫೋಟೆನ್ ದ್ವೀಪಗಳಲ್ಲಿ ಬೇಸಿಗೆಯ ವಾಸ: ಪೂರ್ವಸಿದ್ಧತೆಯ ಕುರಿತು

ನಾರ್ವೆಯೆಂದರೆ ನಡುರಾತ್ರಿಯ ಸೂರ್ಯನ ನಾಡು ಎಂದು ಈ ಶಾಲೆಯ ಮಕ್ಕಳಿಗೆ ಇಪ್ಪತ್ತೆರಡು ವರ್ಷ ಭೂಗೋಳ ಹೇಳಿಕೊಟ್ಟವನು ನಾನು. ಆ ಸೂರ್ಯನನ್ನು ಕಣ್ಣಾರೆ ಕಂಡದ್ದು ಮಾತ್ರ ನಿವೃತ್ತಿಯ ತರುವಾಯ, 2019ರ ಜೂನ್‌ನಲ್ಲಿ. ಸ್ವೀಡನ್ನಿನಲ್ಲಿ ಉದ್ಯೋಗದಲ್ಲಿರುವ ಮಗಳಿಗೆ ಹತ್ತು ದಿನ ರಜೆ ದೊರೆತಿತ್ತು. ಪ್ರವಾಸದ ಯೋಜನೆಯನ್ನು, ಭೂಗೋಳದ ಮಾಸ್ತರನೆಂಬ ಅಭಿಮಾನದಿಂದ, ನಾನೇ ವಹಿಸಿಕೊಂಡೆ. ನಮ್ಮ ಹಳೆ ವಿದ್ಯಾರ್ಥಿಗಳಲ್ಲಿ ಅನೇಕರ ಮಕ್ಕಳು ಇಂದು ಯುರೋಪಿನಲ್ಲಿ ನೆಲೆಸಿರುವುದರಿಂದ, ಅದರಲ್ಲಿ ಸರಿಹೋದದ್ದನ್ನೂ ತಪ್ಪಿದ್ದನ್ನೂ ಇಲ್ಲಿ ನಿವೇದಿಸುತ್ತಿದ್ದೇನೆ.

ಲೋಫೋಟೆನ್ ಆರ್ಕ್ಟಿಕ್ ವೃತ್ತದಿಂದ ಉತ್ತರಕ್ಕಿರುವ ದ್ವೀಪಮಾಲೆ. ಮೇ ಕೊನೆಯಿಂದ ಜುಲೈ ನಡುವಿನವರೆಗೆ ಅಲ್ಲಿ ಸೂರ್ಯ ಮುಳುಗುವುದಿಲ್ಲ. ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹದಿಂದಾಗಿ ಚಳಿಗಾಲವೂ ಅಕ್ಷಾಂಶಕ್ಕೆ ತಕ್ಕಷ್ಟು ಕಠೋರವಲ್ಲ. ಆದರೆ ಬೇಸಿಗೆಯೆಂದು ನಂಬಿ ಹತ್ತಿಯ ಅಂಗಿಯಲ್ಲಿ ಹೊರಟರೆ ಗಾಳಿ ಬಿಡದು. ಉಣ್ಣೆಯ ಉಡುಪು, ಮಳೆಯಂಗಿ, ಹಗಲಿನಂಥ ರಾತ್ರಿಯಲ್ಲಿ ನಿದ್ರಿಸಲು ಕಣ್ಣಿಗೊಂದು ಕಪ್ಪು ಪಟ್ಟಿ, ಇವು ಅವಶ್ಯ.

ನಾರ್ವೆ ಯುರೋಪಿಯನ್ ಒಕ್ಕೂಟದಲ್ಲಿಲ್ಲವಾದರೂ ಷೆಂಗೆನ್ ವ್ಯವಸ್ಥೆಯಲ್ಲಿದೆ. ಹೆಚ್ಚು ದಿನ ಎಲ್ಲಿ ತಂಗುವೆವೋ ಆ ದೇಶಕ್ಕೇ ವೀಸಾ ಅರ್ಜಿ ಸಲ್ಲಬೇಕು. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಕೊನೆಯ ಗಳಿಗೆಗೆ ಉಳಿಸಬಾರದು.

ವಾಸಕ್ಕೆ ನಾವು ಆರಿಸಿದ್ದು 'ರೋರ್ಬು' ಎಂಬ ಕೆಂಬಣ್ಣದ ಮರದ ಮನೆ. ಕಂಬಗಳ ಮೇಲೆ, ನೀರಿನ ಅಂಚಿನಲ್ಲಿ, ಚಳಿಗಾಲದ ಕಾಡ್ ಮೀನುಗಾರರಿಗೆಂದು ಇಂಥವನ್ನು ಕಟ್ಟುತ್ತಿದ್ದರು. 1120ರ ಸುಮಾರಿಗೆ ಐಸ್ಟೈನ್ ರಾಜನು ಇವುಗಳಿಗೆ ನಾಂದಿ ಹಾಡಿದನೆನ್ನುತ್ತಾರೆ. ಬೇಸಿಗೆಯಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ದೊರೆಯುತ್ತವೆ. ಹಾಸಿಗೆ ಬಟ್ಟೆಗೂ ಶುಚಿಗೊಳಿಸುವುದಕ್ಕೂ ಹಲವೆಡೆ ಬೇರೆ ಹಣವುಂಟು, ಕೇಳಿಕೊಳ್ಳುವುದು ಲೇಸು. ಅಡುಗೆಮನೆ ಇದ್ದುದರಿಂದ ನಮ್ಮ ಅಕ್ಕಿ, ಬೇಳೆ, ಸಾರಿನ ಪುಡಿ ಕೈಹಿಡಿದವು. ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ. ಫೆಬ್ರವರಿಯಿಂದ ಮೇವರೆಗೆ ಉಪ್ಪು ಸೋಕಿಸದೆ ಗಾಳಿಗೇ ಮೀನು ಒಣಗಿಸುವ ಮರದ ಚಪ್ಪರಗಳು ಊರೂರಲ್ಲಿವೆ. ಕಾಸರಗೋಡಿನ ಕಡಲ ಕರೆಯಲ್ಲಿ ಬೆಳೆದ ನನಗೆ ಆ ವಾಸನೆ ಅಪರಿಚಿತವಾಗಲಿಲ್ಲ. ಹೆದ್ದಾರಿ ಮುಗಿಯುವ ಊರಿನ ಹೆಸರು 'ಓ': ನಾರ್ವೆಯ ವರ್ಣಮಾಲೆಯ ಕಟ್ಟಕಡೆಯ ಅಕ್ಷರ, ಅರ್ಥ ಹೊಳೆ.

ಇನ್ನು ತಪ್ಪಿನ ವಿಚಾರ. ಲೋಫೋಟೆನ್‌ನ ತುದಿಯಲ್ಲಿ, ಕಡಲಿನ ನಡುವೆ, ರೋಸ್ಟ್ ಎಂಬ ಚಪ್ಪಟೆ ದ್ವೀಪವಿದೆ. ಸುತ್ತಲಿನ ಕುರುವೆಗಳನ್ನೆಲ್ಲ ಎಣಿಸಿದರೆ ವರ್ಷದ ದಿನಗಳಷ್ಟು ಎಂಬುದು ಅಲ್ಲಿಯ ವಾಡಿಕೆಯ ಮಾತು. ಹಡಗೊಡೆದ ವೆನಿಸ್ಸಿನ ನಾವಿಕ ಪಿಯೆತ್ರೊ ಕ್ವೆರಿನಿ 1432ರ ಜನವರಿಯಲ್ಲಿ ಅಲ್ಲಿ ದಡ ಸೇರಿ, ದ್ವೀಪದವರ ಮನೆಗಳಲ್ಲಿ ತಿಂಗಳುಗಟ್ಟಲೆ ಆಶ್ರಯ ಪಡೆದ. ಬಣ್ಣದ ಕೊಕ್ಕಿನ ಪಫಿನ್ ಹಕ್ಕಿಗಳು ಅಲ್ಲಿ ಮರಿಮಾಡುತ್ತವೆ. ಮರಿಗಳಿಗೆ ಬೇಕಾದ ಎಳೆಯ ಹೆರಿಂಗ್ ಮೀನಿನ ಕೊರತೆಯಿಂದ ಅವುಗಳ ಸಂಖ್ಯೆ ಬಹಳ ಕುಗ್ಗಿದೆ. ನನ್ನ ಪತ್ನಿ ಬಯಸಿದ್ದು ಆ ಹಕ್ಕಿಯೊಂದನ್ನೇ.

ಭೂಪಟದಲ್ಲಿ ಮೋಸ್ಕೆನೆಸ್ ಬಂದರಿಗೂ ರೋಸ್ಟ್‌ಗೂ ಒಂದು ಬೆರಳಿನ ಅಂತರ. ಕೊನೆಯ ರಾತ್ರಿ ಅಲ್ಲಿ ಕಳೆದು, ಮರುದಿನ ಬೂಡೊ ಪಟ್ಟಣಕ್ಕೆ ಹಡಗು ಹತ್ತುವುದೆಂದು ಬರೆದಿಟ್ಟೆ. ವೇಳಾಪಟ್ಟಿಯಲ್ಲಿ ಗಂಟೆಗಳನ್ನು ನೋಡಿದೆ, ವಾರದ ದಿನವನ್ನು ನೋಡಲಿಲ್ಲ. ಎಲ್ಲ ಹಡಗುಗಳೂ ರೋಸ್ಟ್‌ಗೆ ಹೋಗುವುದಿಲ್ಲ. ಅನೇಕವು ನೇರ ಬೂಡೊಗೆ, ಮೂರು ನಾಲ್ಕು ಗಂಟೆಯ ಹಾದಿ. ನಮ್ಮ ದಿನದ ಹಡಗೂ ಅಂಥದ್ದೇ. ಮಗಳ ರಜೆಯಲ್ಲಿ ಒಂದು ದಿನವೂ ಮಿಗುತಾಯವಿರಲಿಲ್ಲ. ಪತ್ನಿ ಏನೂ ಹೇಳಲಿಲ್ಲ; ಹಡಗಿನ ಕಟಕಟೆಗೆ ಒರಗಿ ಬಹಳ ಹೊತ್ತು ನೈಋತ್ಯಕ್ಕೆ ನೋಡುತ್ತಿದ್ದಳು.

ಆದುದರಿಂದ ಹೋಗುವವರು ಮೊದಲು ಹಡಗಿನ ದಿನಗಳನ್ನು ಬರೆದುಕೊಳ್ಳಲಿ, ಅದಕ್ಕೆ ಹೊಂದುವಂತೆ ಮನೆಯನ್ನು, ಕಡೆಗೆ ವಿಮಾನವನ್ನು ಗೊತ್ತುಮಾಡಲಿ. ಬೂಡೊದಿಂದ ಮೊದಲು ರೋಸ್ಟ್‌ಗೇ ಹೋಗಿ ಮೂರು ರಾತ್ರಿಯಾದರೂ ತಂಗಲಿ. ಬಿರುಗಾಳಿಗೆ ಹಡಗು ನಿಂತರೆಂದು ಒಂದು ದಿನವನ್ನು ಖಾಲಿ ಬಿಡಲಿ. ನಮ್ಮ ಮುಂದಿನ ಪ್ರವಾಸಕ್ಕೆ ಈ ಕ್ರಮದಲ್ಲೇ ಪಟ್ಟಿ ಸಿದ್ಧವಾಗಿದೆ. ಈ ಸಲ ಅದನ್ನು ಬರೆದವಳು ನನ್ನ ಪತ್ನಿ.