ಮೇಲಿನಿಂದ ಕಂಡ ರಣರಂಗ: ಇತಿಹಾಸಪಾಠಕ್ಕಾಗಿ ಸೇನಾಬಿಲ್ಲೆಗಳು

ಉಡುಪಿ ಸೀಮೆಯಲ್ಲಿ ಯಕ್ಷಗಾನದ ‘ಅಭಿಮನ್ಯು ಕಾಳಗ’ವನ್ನು ಕಾಣದೆ ಬೆಳೆದ ಮಕ್ಕಳು ವಿರಳ. ಆದರೂ ಚಕ್ರವ್ಯೂಹದ ಆಕಾರವನ್ನು ಬರೆಯಿರೆಂದರೆ ಅನೇಕರು ಸಾಲಾಗಿ ನಿಂತ ಯೋಧರನ್ನೇ ಬರೆಯುತ್ತಾರೆ. ಇದು ಅವರ ತಪ್ಪಲ್ಲ. ರಂಗಸ್ಥಳದ ಎದುರು ಕುಳಿತವನಿಗೆ ಕಾಣುವುದು ವೀರನ ಮುಖ. ವ್ಯೂಹವು ಕಾಣಬೇಕಾದರೆ ಹದ್ದಿನ ಕಣ್ಣು ಬೇಕು. ಚಕ್ರ, ಪದ್ಮ, ಮಕರ, ಕ್ರೌಂಚ ಮೊದಲಾದವೆಲ್ಲ ಆಕಾಶದಿಂದ ನೋಡಿದವನು ಇಟ್ಟ ಹೆಸರುಗಳಂತಿವೆ.

ಆ ಕಣ್ಣನ್ನು ಮಕ್ಕಳಿಗೆ ಕೊಡುವ ಸುಲಭಸಾಧನವೇ ಸೇನಾಬಿಲ್ಲೆ. ಒಂದೊಂದು ದಳವನ್ನೂ ನೆತ್ತಿಯ ಮೇಲಿನಿಂದ ಕಂಡಂತೆ ಚಿತ್ರಿಸಿ, ಅಚ್ಚುಹಾಕಿಸಿ, ರಟ್ಟಿಗೆ ಅಂಟಿಸಿ, ಕತ್ತರಿಸಿ ನಕ್ಷೆಯ ಮೇಲೆ ನಡೆಸುವುದು. ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್ 1824ರಲ್ಲಿಯೇ 1:8000 ಪ್ರಮಾಣದ ನಕ್ಷೆ ಮತ್ತು ಪುಟ್ಟ ತುಂಡುಗಳಿಂದ ಯುದ್ಧಾಭ್ಯಾಸದ ಆಟವೊಂದನ್ನು ರೂಪಿಸಿದ್ದನು. ನಾವು ಆರಿಸಿಕೊಂಡುದು 1565ನೆಯ ಇಸವಿ ಜನವರಿ 23ರ ರಕ್ಕಸತಂಗಡಿ ಯುದ್ಧವನ್ನು. ಅದರಲ್ಲಿಯೂ ರಾಮರಾಯನೂ ಅಹಮದ್‌ನಗರದ ಹುಸೇನ್ ನಿಜಾಮಶಾಹನೂ ಎದುರುಬದುರಾದ ಮಧ್ಯಭಾಗವನ್ನು ಮಾತ್ರ.

ಚಿತ್ರ ಬರೆಯುವ ಮೊದಲು ಮಕ್ಕಳನ್ನು ಕಾಪುವಿನ ದೀಪಸ್ತಂಭಕ್ಕೆ ಹತ್ತಿಸಿದೆನು. 1901ರಲ್ಲಿ ಕಟ್ಟಿದ ಆ ಸ್ತಂಭದ ಮೇಲಿನಿಂದ ನೋಡಿದರೆ ಮನುಷ್ಯನೆಂದರೆ ಒಂದು ತಲೆ, ಎರಡು ಹೆಗಲು, ಒಂದು ನೆರಳು. ದೋಣಿಯೆಂದರೆ ಒಂದು ಎಲೆ. ಇಷ್ಟನ್ನು ಕಂಡ ಮೇಲೆ ಕುದುರೆಗೆ ನಾಲ್ಕು ಕಾಲು ಬರೆಯುವ ಹುಡುಗನಿಲ್ಲ. ನೆರಳೆಲ್ಲವೂ ಒಂದೇ ದಿಕ್ಕಿಗೆ ಬೀಳಬೇಕೆಂಬುದನ್ನೂ ಅವರೇ ಹೇಳಿದರು. ಬಿಲ್ಲೆಯ ಮುಂಭಾಗ ಯಾವುದೆಂಬುದು ಸ್ಪಷ್ಟವಾಗಿರಬೇಕು. ಕಾರ್ಕಳದ ಚತುರ್ಮುಖ ಬಸದಿಗೆ ನಾಲ್ಕು ದಿಕ್ಕೂ ಮುಖವೇ ಸರಿ. ಸೈನ್ಯಕ್ಕೆ ಆ ಭಾಗ್ಯವಿಲ್ಲ, ಅದು ಪಕ್ಕದಿಂದಲೂ ಬೆನ್ನಿನಿಂದಲೂ ಮುರಿಯುತ್ತದೆ.

ಪ್ರಮಾಣದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. 1 ಸೆಂಟಿಮೀಟರಿಗೆ 25 ಮೀಟರ್ ಎಂದು ಇಟ್ಟುಕೊಂಡೆವು. 200 ಕುದುರೆಗಳು ಎರಡು ಸಾಲಾಗಿ ನಿಂತರೆ, ಕುದುರೆಗೆ ಒಂದು ಮೀಟರಿನಂತೆ, ದಳದ ಅಗಲ 100 ಮೀಟರ್. ಬಿಲ್ಲೆಯಲ್ಲಿ 4 ಸೆಂಟಿಮೀಟರ್. ಆದರೆ ಹಿಂದುಮುಂದಿನ ಆಳ ಏಳೆಂಟು ಮೀಟರ್ ಮಾತ್ರ. ಎಂದರೆ ಬಿಲ್ಲೆಯಲ್ಲಿ ಸುಮಾರು 3 ಮಿಲಿಮೀಟರ್! ಅದನ್ನು ಬೆರಳು ಹಿಡಿಯದು. ಆದಕಾರಣ ಆಳವನ್ನು 2 ಸೆಂಟಿಮೀಟರಿಗೆ ಹಿಗ್ಗಿಸಿದೆವು. ಅಲಂಕಾರಶಾಸ್ತ್ರದಲ್ಲಿ ಇದು ಅತಿಶಯೋಕ್ತಿ, ಕ್ಷಮಾರ್ಹ. ಅಗಲದಲ್ಲಿ ಮಾತ್ರ ಈ ಸ್ವಾತಂತ್ರ್ಯ ಸಲ್ಲದು. ಎಷ್ಟು ದಳ ಎಷ್ಟು ನೆಲದಲ್ಲಿ ಹಿಡಿಸಿತು ಎಂಬುದೇ ಪಾಠದ ಜೀವಾಳ.

ಬಿಲ್ಲೆಯ ಹಿಂಬದಿಯಲ್ಲಿ ಅದೇ ದಳ ಚದುರಿದ ಚಿತ್ರವಿರುತ್ತದೆ. ಹಿಂಬದಿಯ ಹಾಳೆಯಲ್ಲಿ ಚಿತ್ರಗಳನ್ನು ಎಡಬಲ ತಿರುಗಿಸಿ ಜೋಡಿಸಬೇಕೆಂಬುದು ನನಗೆ ಹೊಳೆಯಲಿಲ್ಲ. ಮಣಿಪಾಲದಲ್ಲಿ ಅಚ್ಚುಹಾಕಿಸಿ ತಂದು, ಮೈದಾ ಅಂಟು ಬಳಿದು, ರಾತ್ರಿಯಿಡೀ ನಿಘಂಟುಗಳ ಕೆಳಗೆ ಒತ್ತಿಟ್ಟು, ಬೆಳಿಗ್ಗೆ ಕತ್ತರಿಸಿದರೆ ರಾಮರಾಯನ ಕುದುರೆಗಳ ಬೆನ್ನಿಗೆ ನಿಜಾಮಶಾಹನ ತೋಪುಗಳು! ಮಕ್ಕಳು ನಕ್ಕರು, ನಾನೂ ನಕ್ಕೆನು.

ಇತಿಹಾಸಕಾರ ಫೆರಿಷ್ತನ ಪ್ರಕಾರ ನಿಜಾಮಶಾಹನ ಮುಂದೆ 600 ತೋಪುಗಳು ಮೂರು ಸಾಲಾಗಿದ್ದವು. ಅವುಗಳನ್ನು ಮರೆಮಾಡಿ 2000 ಬಿಲ್ಲುಗಾರರು ನಿಂತಿದ್ದರು. ವಿಜಯನಗರದವರು ಸಮೀಪಿಸಿದೊಡನೆ ಬಿಲ್ಲುಗಾರರು ಹಿಂದೆ ಸರಿದರು, ತೋಪುಗಳು ಸಿಡಿದವು. ಮೊದಲ ದಿನ ನಾನು ಇದೆಲ್ಲವನ್ನೂ ನಕ್ಷೆಯ ಮೇಲೆ ತೆರೆದಿಟ್ಟೆನು. ಒಬ್ಬ ಹುಡುಗನು, “ಕಣ್ಣೆದುರು ತೋಪುಗಳಿದ್ದರೂ ನುಗ್ಗಿದರಲ್ಲ, ಗುರುಗಳೇ, ಅಷ್ಟೂ ಬುದ್ಧಿ ಬೇಡವೇ?” ಎಂದನು. ತಪ್ಪು ನನ್ನದೆಂದು ಆಗ ತಿಳಿಯಿತು. ಹದ್ದಿನ ಕಣ್ಣನ್ನು ಕೊಟ್ಟವನು, ಆ ಕಣ್ಣು ರಣರಂಗದಲ್ಲಿ ಯಾರಿಗೂ ಇರಲಿಲ್ಲವೆಂಬುದನ್ನು ಹೇಳಿರಲಿಲ್ಲ.

ಮರುವಾರ ಬಿಲ್ಲುಗಾರರ ಬಿಲ್ಲೆಗಳನ್ನು ಉದ್ದನೆಯ ಸಾಲಾಗಿ ಇಡಿಸಿದೆನು. ತೋಪಿನ ಬಿಲ್ಲೆಗಳನ್ನು ಅವುಗಳಲ್ಲಿ ಯಾವುದರ ಕೆಳಗೆ ಅಡಗಿಸಬೇಕೆಂಬುದು ಎದುರುಪಕ್ಷದ ಇಷ್ಟ. ಆ ಹುಡುಗನೇ ರಾಮರಾಯನ ಪಕ್ಷ. ಬಹಳ ಹೊತ್ತು ಯೋಚಿಸಿ, ತೋಪಿಲ್ಲವೆಂದು ತಾನು ಬಗೆದ ಕಡೆಗೆ ಕುದುರೆಗಳನ್ನೆಲ್ಲ ನಡೆಸಿದನು. ಎದುರಿನವನು ಬಿಲ್ಲುಗಾರರನ್ನು ಎತ್ತಿದನು. ಕೆಳಗೆ ತೋಪುಗಳಿದ್ದವು. ಹುಡುಗನು ಮಾತನಾಡಲಿಲ್ಲ. ಬಿಲ್ಲೆಗಳನ್ನು ಮಗುಚಲು ನಾನು ಕೈನೀಡಿದಾಗ ತಡೆದು, ಒಂದೊಂದಾಗಿ ತಾನೇ ಮಗುಚಿದನು.